ವಂಶವೃಕ್ಷದ ಕಡತಕ್ಕೆ ಗೆದ್ದಲು ಹಿಡಿದಾಗ

ಒಂದು ಕಾಲಕ್ಕೆ ಸುಗ್ಗಿ ಮುಗಿಯುತ್ತಲೇ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೆಳವರು ಬರುತ್ತಿದ್ದರು. ಮನೆಯ ಕಟ್ಟೆಯ ಮೇಲೆ ಕುಳಿತು ಹೊತ್ತಿಗೆ ಬಿಚ್ಚಿ, ಆ ಮನೆತನದ ಮೂಲಪುರುಷನಿಂದ ಹಿಡಿದು ಇಂದಿನವರವರೆಗೆ ಹೆಸರುಗಳನ್ನು ಒಪ್ಪಿಸುತ್ತಿದ್ದರು. ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳುಕಡಿ ಪಡೆದು ಮುಂದಿನ ಊರಿಗೆ ತೆರಳುತ್ತಿದ್ದರು. ಕೆಲವೆಡೆ ಇಂದಿಗೂ ಬರುತ್ತಾರೆ. ಅವರು ಹೊತ್ತ ಆ ಹೊಣೆಯನ್ನು ಈಗ ಅನೇಕ ಕುಟುಂಬಗಳು ಕಂಪ್ಯೂಟರಿಗೆ ವಹಿಸಿವೆ. ಆದರೆ ಹೊತ್ತಿಗೆಗೆ ಗೆದ್ದಲು ಹಿಡಿಯುವಂತೆ ಗಣಕದ ಕಡತಕ್ಕೂ ಕೇಡು ತಗಲುತ್ತದೆ. ಆಗ ಏನು ಮಾಡಬೇಕೆಂಬುದನ್ನು ನಮ್ಮ ತಪ್ಪಿನಿಂದಲೇ ಕಲಿತ ನಾವು ವಾಚಕರ ಮುಂದೆ ಇಡುತ್ತಿದ್ದೇವೆ.

ನಮ್ಮ ದೊಡ್ಡಪ್ಪನವರು ನಿವೃತ್ತಿಯ ನಂತರ ಶ್ರಮಪಟ್ಟು ಏಳು ತಲೆಮಾರುಗಳ ವಂಶವೃಕ್ಷವನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸಿದ್ದರು. ವಂಶಾವಳಿಯೆಂದರೆ ಗಂಡಸರ ಹೆಸರುಗಳ ಪಟ್ಟಿ ಎಂಬ ರೂಢಿಯನ್ನು ಮುರಿದು, ಮನೆಗೆ ಬಂದ ಸೊಸೆಯಂದಿರ ಹೆಸರುಗಳನ್ನೂ ಅವರು ಕಲೆಹಾಕಿದ್ದರು. ಜಮೀನಿನ ದಾಖಲೆಗಳಲ್ಲಿ ದೊರೆತ ಗಂಡಸರ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೂ, ಹಿರಿಯರ ಬಾಯಿಂದ ಕೇಳಿದ ಹೆಣ್ಣುಮಕ್ಕಳ ಹೆಸರುಗಳನ್ನು ಕನ್ನಡದಲ್ಲಿಯೂ ಬರೆದಿದ್ದರು. ಅವರು ಲಿಂಗೈಕ್ಯರಾದ ಮೇಲೆ ಆ ಕಡತವನ್ನು ಹೊಸ ಯಂತ್ರಕ್ಕೆ ಸಾಗಿಸುವ ಕೆಲಸ ನಮ್ಮ ಪಾಲಿಗೆ ಬಂದಿತು. ಸಣ್ಣದೊಂದು ತಿದ್ದುಪಡಿಗಾಗಿ ಅದನ್ನು ಬರಹದ ತಂತ್ರಾಂಶವೊಂದರಲ್ಲಿ ತೆರೆದು ಉಳಿಸುವಾಗ ತೆರೆಯ ಮೇಲೆ ಎಚ್ಚರಿಕೆಯೊಂದು ಮೂಡಿತು. ಓದದೆ ‘ಸರಿ’ ಎಂದು ಒತ್ತಿದೆವು. ಮರುದಿನ ನೋಡಿದರೆ ಗಂಡಸರೆಲ್ಲರೂ ಇದ್ದಾರೆ. 11 ಜನ ಹೆಣ್ಣುಮಕ್ಕಳಿದ್ದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು! ಹಳೆಯ ಯಂತ್ರ ಅಷ್ಟರಲ್ಲಿ ಗುಜರಿಗೆ ಹೋಗಿತ್ತು.

ಕೆಟ್ಟ ಕಡತ ಕಂಡೊಡನೆ ತಿದ್ದಲು ಹೊರಡಬಾರದು. ಅದರ ನಕಲೊಂದನ್ನು ಬೇರೆ ಹೆಸರಿನಲ್ಲಿ ತೆಗೆದಿಟ್ಟು, ನಕಲಿನ ಮೇಲೆಯೇ ಚಿಕಿತ್ಸೆ ನಡೆಸಬೇಕು. ಅನಂತರ ರೋಗಲಕ್ಷಣವನ್ನು ಗುರುತಿಸಬೇಕು. ಅಕ್ಷರಗಳ ಬದಲು ಖಾಲಿ ಚೌಕಗಳು ಕಂಡರೆ ಗಾಬರಿ ಬೇಡ. ಸಾಮಾನ್ಯವಾಗಿ ಕನ್ನಡ ಫಾಂಟ್ ಇಲ್ಲವೆಂದಷ್ಟೇ ಅದರ ಅರ್ಥ, ಮಾಹಿತಿ ಸುರಕ್ಷಿತ. ಒಂದೊಂದು ಕನ್ನಡ ಚಿಹ್ನೆಗೂ ಮೂರು ಮೂರು ವಿಚಿತ್ರ ರೋಮನ್ ಗುರುತುಗಳು ಕಂಡರೆ, ಯುಟಿಎಫ್-8 ಎಂಬ ಸಂಕೇತದಲ್ಲಿ ಬರೆದುದನ್ನು ಯಂತ್ರವು ಬೇರೆ ಸಂಕೇತವೆಂದು ತಪ್ಪಾಗಿ ಓದುತ್ತಿದೆ. ಉಳಿಸದೆ ಮುಚ್ಚಿ, ಸರಿಯಾದ ಸಂಕೇತವನ್ನು ಆರಿಸಿ ತೆರೆದರೆ ಹೆಸರುಗಳು ಮರಳುತ್ತವೆ. ಯೂನಿಕೋಡ್ ಬಳಕೆಗೆ ಬರುವ ಮುನ್ನಿನ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ್ದಾದರೆ ಪರಿವರ್ತಕ ತಂತ್ರಾಂಶದ ನೆರವು ಬೇಕು. ಆದರೆ ಪ್ರಶ್ನಾರ್ಥಕ ಚಿಹ್ನೆಗಳೇ ಕಡತದಲ್ಲಿ ಬರೆದುಹೋಗಿದ್ದರೆ ಅಕ್ಷರ ಅಳಿದಂತೆಯೇ ಸರಿ. ಯಾವ ತಂತ್ರಾಂಶವೂ ಅದನ್ನು ಮರಳಿ ತರಲಾರದು. ನಮಗೆ ಒದಗಿದ್ದು ಇದೇ.

ಎರಡನೆಯ ಬಗೆಯ ಕೇಡು ಕೊಂಡಿಗಳದು. ವಂಶವೃಕ್ಷಗಳನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸಲು ‘ಜೆಡ್‌ಕಾಮ್’ ಎಂಬ ಮಾದರಿ ಬಳಕೆಯಲ್ಲಿದೆ. ಅಮೆರಿಕದ ಮಾರ್ಮನ್ ಚರ್ಚ್ 1984ರಲ್ಲಿ ಇದನ್ನು ರೂಪಿಸಿತು, 2021ರ 7.0 ಆವೃತ್ತಿ ಯುಟಿಎಫ್-8 ಸಂಕೇತವನ್ನೇ ಕಡ್ಡಾಯಗೊಳಿಸಿದೆ. ಇದರಲ್ಲಿ ಪ್ರತಿ ವ್ಯಕ್ತಿಗೂ, ಪ್ರತಿ ಕುಟುಂಬಕ್ಕೂ ಒಂದೊಂದು ಗುರುತು ಇರುತ್ತದೆ. ಕುಟುಂಬದ ದಾಖಲೆ ಮಗುವನ್ನು ಬೆರಳಿಟ್ಟು ತೋರಿಸಿದರೆ, ಮಗುವಿನ ದಾಖಲೆಯೂ ಕುಟುಂಬವನ್ನು ತೋರಿಸಬೇಕು. ಒಂದು ಬೆರಳು ಮಡಚಿಕೊಂಡರೂ ಮಗು ಅನಾಥವಾಗುತ್ತದೆ. ಇಂತಹ ಕೊಂಡಿಗಳನ್ನು ಹುಡುಕಿ ಸರಿಪಡಿಸುವ ಉಪಕರಣ ‘ಗ್ರಾಂಪ್ಸ್’ ಎಂಬ ಉಚಿತ ತಂತ್ರಾಂಶದಲ್ಲಿದೆ. ಹುಟ್ಟುವ ಮೊದಲೇ ಸತ್ತವರಂತಹ ಅಸಂಗತಗಳನ್ನು ಪಟ್ಟಿಮಾಡುವ ಇನ್ನೊಂದು ಉಪಕರಣವೂ ಅದರಲ್ಲಿದೆ.

ಆದರೆ ಯಂತ್ರ ತಪ್ಪೆಂದು ಶಂಕಿಸಿದ್ದೆಲ್ಲ ತಪ್ಪಲ್ಲ ಎಂಬುದನ್ನು ನಮ್ಮ ಮನೆಗಳ ರೀತಿನೀತಿ ಬಲ್ಲವರು ಮರೆಯಬಾರದು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ವಾಡಿಕೆ. ಹೆಸರೊಂದೇ, ಮನೆತನವೊಂದೇ ಆದುದರಿಂದ ತಂತ್ರಾಂಶವು ‘ಇಬ್ಬರೂ ಒಬ್ಬರೇ ಇರಬಹುದು, ಕೂಡಿಸಲೇ?’ ಎಂದು ಕೇಳುತ್ತದೆ. ಒಪ್ಪಿದರೆ ಮೊಮ್ಮಗನೇ ತನ್ನ ಅಜ್ಜನಾಗಿ ವೃಕ್ಷ ಬಳ್ಳಿಯಂತೆ ಸುತ್ತಿಕೊಳ್ಳುತ್ತದೆ. ಸೋದರಮಾವನಿಗೆ ಕೊಟ್ಟ ಹೆಣ್ಣು ಮೊಮ್ಮಗಳೂ ಹೌದು, ಸೊಸೆಯೂ ಹೌದು. ಆಕೆಗೆ ಎರಡು ದಾರಿಯ ನಂಟಿರುವುದು ದೋಷವಲ್ಲ. ಬದಲಿಗೆ, ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು ಹೆಸರು ಪಡೆದ ಹೆಣ್ಣುಮಗಳು ಇಬ್ಬರಾಗಿ ನಮೂದಾಗಿದ್ದರೆ ಯಂತ್ರ ಅದನ್ನು ಗುರುತಿಸಲಾರದು. ಹಳಬರಲ್ಲಿ ಅನೇಕರ ಜನ್ಮದಿನ ಜೂನ್ 1 ಎಂದಿದ್ದರೆ ಅದೂ ಗಣಕದ ತಪ್ಪಲ್ಲ; ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದುಕೊಂಡ ದಿನ. 3/4/1956 ಎಂದಿದ್ದುದು ಏಪ್ರಿಲ್ 3 ಆಗಿರಬಹುದು, ಮಾರ್ಚ್ 4 ಕೂಡ ಆಗಿರಬಹುದು. ತಿಂಗಳನ್ನು ಅಕ್ಷರದಲ್ಲಿ ಬರೆಯುವುದೇ ಕ್ಷೇಮ.

ಹಾಗಾದರೆ ಅಳಿದ ಹೆಸರುಗಳ ಗತಿ? ಆ ಪ್ರಶ್ನಾರ್ಥಕ ಚಿಹ್ನೆಗಳೇ ನಮಗೆ ಒಂದಿಷ್ಟು ದಾರಿ ತೋರಿದವು. ಅಳಿದ ಪ್ರತಿ ಚಿಹ್ನೆಗೂ ಒಂದು ಗುರುತು ಉಳಿದಿರುತ್ತದೆ. ಒತ್ತಕ್ಷರವನ್ನು ಯಂತ್ರವು ಎರಡು ಅಕ್ಷರ ಮತ್ತು ನಡುವೆ ಒಂದು ಕೂಡುಗುರುತು, ಹೀಗೆ ಮೂರಾಗಿ ಬರೆದಿಡುತ್ತದೆ. ಆ ಲೆಕ್ಕದಲ್ಲಿ ಗಂಗವ್ವ ಎಂಬ ಹೆಸರಿಗೆ 6, ಚೆನ್ನವ್ವ ಎಂಬುದಕ್ಕೆ 8. ನಮ್ಮ ಮುತ್ತಜ್ಜಿಯ ಹೆಸರನ್ನು ಸೋದರತ್ತೆಯವರು ಚೆನ್ನವ್ವ ಎಂದರು. ಅವರ ಅಣ್ಣ ಗಂಗವ್ವ ಎಂದರು. ಕಡತದಲ್ಲಿದ್ದುದು 6 ಗುರುತು. ಅಷ್ಟರಿಂದಲೇ ತೀರ್ಮಾನಿಸಲು ಮನಸ್ಸು ಒಪ್ಪಲಿಲ್ಲ. ಅಟ್ಟದ ಮೇಲೆ ಆಕೆಯ ತವರಿನವರು ಮದುವೆಯಲ್ಲಿ ಕೊಟ್ಟ ತಾಮ್ರದ ಕೊಡವಿತ್ತು. ಹುಣಸೆಹಣ್ಣಿನಿಂದ ತಿಕ್ಕಿದಾಗ ಕಂಠದ ಮೇಲೆ ಕೊರೆಸಿದ ಅಕ್ಷರಗಳು ಮೂಡಿದವು: ಗಂಗವ್ವ. ಚೆನ್ನವ್ವ ಎಂಬುದು ಈ ಮನೆಗೆ ಬಂದ ಮೇಲೆ ಇಟ್ಟ ಹೆಸರು. ಇಬ್ಬರು ಹಿರಿಯರೂ ಸುಳ್ಳಾಡಿರಲಿಲ್ಲ. ಈಗ ಎರಡೂ ಹೆಸರುಗಳು ಒಂದೇ ದಾಖಲೆಯಲ್ಲಿವೆ.

ಹೀಗೆ ಕೇಳಿ, ಹುಡುಕಿ 7 ಹೆಸರುಗಳನ್ನು ಮರಳಿ ಪಡೆದೆವು. ಉಳಿದ ನಾಲ್ವರನ್ನು ಬಲ್ಲವರು ಈಗ ಯಾರೂ ಇಲ್ಲ. ಆ ಜಾಗಗಳನ್ನು ಊಹೆಯಿಂದ ತುಂಬದೆ ಹಾಗೆಯೇ ಬಿಟ್ಟಿದ್ದೇವೆ.

ಆದುದರಿಂದ ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ವಂಶವೃಕ್ಷದ ಕಡತದ ಪ್ರತಿಗಳನ್ನು ಎರಡು ಮೂರು ಮನೆಗಳಲ್ಲಿ ಇಡಿರಿ. ವರ್ಷಕ್ಕೊಮ್ಮೆ ಕಾಗದದ ಮೇಲೆ ಅಚ್ಚು ತೆಗೆದು ಪೆಟ್ಟಿಗೆಯಲ್ಲಿಡಿರಿ. ಹೆಳವರು ಬಂದರೆ ಅವರ ಹೊತ್ತಿಗೆಯೊಡನೆ ತಾಳೆ ನೋಡಿರಿ. ಎಲ್ಲಕ್ಕಿಂತ ಮೊದಲು, ಮನೆಯ ಹಿರಿಯ ತಾಯಂದಿರ ಬಳಿ ಇಂದೇ ಕುಳಿತು, ಅವರ ಅತ್ತೆಯ ಹೆಸರು, ಆ ಅತ್ತೆಯ ಅತ್ತೆಯ ಹೆಸರು ಕೇಳಿ ಬರೆದುಕೊಳ್ಳಿರಿ. ಎಲ್ಲ ಮನೆಯ ಅಟ್ಟದ ಮೇಲೂ ತಾಮ್ರದ ಕೊಡ ಇರುವುದಿಲ್ಲ.