ಕಾರ್ ರೇಸಿಗೆ ಮನೆಮಂದಿಯೆಲ್ಲ ಹೋಗುವುದಾದರೆ...

ರಜೆ ಬಂತೆಂದರೆ ಎಲ್ಲಿಗೆ ಹೋಗೋಣ ಎಂಬ ಮಾತು ಎಲ್ಲರ ಮನೆಯಲ್ಲೂ ಏಳುತ್ತದೆ. ಗಾಣಗಾಪುರ, ಮಂತ್ರಾಲಯ, ತುಳಜಾಪುರ ಎಲ್ಲಾ ನೋಡಿಯಾಯಿತು. "ಈ ಸಲ ಕಾರ್ ರೇಸ್ ನೋಡಾಕ ಹೋಗೋಣು" ಎಂದು ಮಗ ಹಟ ಹಿಡಿದರೆ? "ನಮಗ್ಯಾಕ ಬೇಕ್ರೀ ಆ ಗದ್ದಲ, ಅಪ್ಪ-ಮಗ ನೀವೇ ಹೋಗಿ ಬರ್ರಿ" ಎಂದು ಅಡುಗೆಮನೆಗೆ ತಿರುಗಿಬಿಡಬೇಡಿ, ಸೋದರಿ. ಈ ಪ್ರವಾಸಕ್ಕೆ ತಾಯಿ ಅವಶ್ಯ ಹೋಗಬೇಕು. ಯಾಕೆ ಎಂಬುದನ್ನು ಮುಂದೆ ಓದಿ.

ರೇಸೆಂದರೆ ಪರದೇಶದ ಮಾತು ಎನ್ನುವ ಕಾಲ ಹೋಯಿತು. ರಾವೂರ, ಚಿತ್ತಾಪುರ, ಸೇಡಂ ಕಡೆಯವರ ಮಗ್ಗುಲಿಗೇ ಅದು ಬಂದಿತ್ತು. 2023ರ ಫೆಬ್ರವರಿ 11ರಂದು ಹೈದರಾಬಾದಿನ ಹುಸೇನಸಾಗರದ ದಂಡೆಯ ರಸ್ತೆಗಳಲ್ಲೇ ಫಾರ್ಮುಲಾ-ಇ ಓಟ ನಡೆಯಿತು. ವಾಡಿಯಿಂದ ಸಿಕಂದರಾಬಾದಿಗೆ 1874ರಿಂದಲೂ ರೈಲು ಹಾದಿ ಇದೆಯಲ್ಲ, ಅದೇ ಹಾದಿಯಲ್ಲಿ ಸೇಡಂ, ತಾಂಡೂರು ದಾಟಿದರಾಯಿತು. 22 ಕಾರುಗಳು ಸುಮಾರು 2.8 ಕಿ.ಮೀ. ಸುತ್ತಿನ ಹಾದಿಯಲ್ಲಿ ಓಡಿದವು. ಫ್ರಾನ್ಸಿನ ಜಾನ್ ಎರಿಕ್ ವರ್ನ್ ಗೆದ್ದರು. ಮರುವರ್ಷ ನಡೆಯಬೇಕಿದ್ದ ಓಟ ರದ್ದಾಯಿತು.

ಆ ಕಾರುಗಳು ಪೆಟ್ರೋಲಿನವಲ್ಲ, ಬ್ಯಾಟರಿಯವು. ಬ್ರೇಕು ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಮತ್ತೆ ಬ್ಯಾಟರಿಗೇ ತುಂಬಿಕೊಳ್ಳುತ್ತವೆ. ಓಟದಲ್ಲಿ ಬಳಸುವ ಶಕ್ತಿಯಲ್ಲಿ ಶೇ. 40ರ ಸುಮಾರು ಹೀಗೆ ಮರಳಿ ಬಂದದ್ದಂತೆ! ಅಕ್ಕಿ ತೊಳೆದ ನೀರನ್ನು ಚೆಲ್ಲದೆ ತುಳಸಿಗೆ ಹಾಕುವ ನಮಗೆ ಈ ಜಾಣತನ ಹೊಸದೇನಲ್ಲ, ಅಲ್ಲವೇ?

ಈಗ ನೋಡಬೇಕೆಂದರೆ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಇದೆ. ಊರಿನಿಂದ ಸುಮಾರು 40 ಕಿ.ಮೀ. ದೂರ. 1990ರಲ್ಲಿ ಶುರುವಾದ ಈ ಹಾದಿಯ ಸುತ್ತು 3.7 ಕಿ.ಮೀ. ರಾಷ್ಟ್ರೀಯ ಮಟ್ಟದ ಓಟಗಳು ಇಲ್ಲಿ ಶನಿವಾರ-ಭಾನುವಾರ ಸೇರಿಸಿ ನಡೆಯುತ್ತವೆ. ವಾಡಿಯಲ್ಲಿ ಚೆನ್ನೈ ರೈಲು ಸಿಗುತ್ತದೆ. ಓಟದ ದಿನಾಂಕ ಗಟ್ಟಿ ಮಾಡಿಕೊಂಡ ಮೇಲೇ ಟಿಕೆಟ್ ತೆಗೆಸಿ.

ನೋಡುವಾಗ ಏನು ನಡೆಯುತ್ತಿದೆ ಎಂದು ತಿಳಿಯದಿದ್ದರೆ ಬೇಸರ ಬಂದೀತು. ಮೊದಲು ಅರ್ಹತಾ ಸುತ್ತು. ಅದರಲ್ಲಿ ಯಾರು ಬೇಗ ಸುತ್ತುತ್ತಾರೋ ಅವರಿಗೆ ಮುಂದಿನ ಸಾಲು. ಆಮೇಲೆ ಮುಖ್ಯ ಓಟ. ಬಾವುಟಗಳೇ ಅಲ್ಲಿಯ ಭಾಷೆ. ಹಳದಿ ಕಂಡರೆ ಮುಂದೆ ಅಪಾಯ, ನಿಧಾನಿಸು, ಯಾರನ್ನೂ ಹಿಂದೆ ಹಾಕಬೇಡ. ನೀಲಿ ಕಂಡರೆ ಹಿಂದಿನವನಿಗೆ ದಾರಿ ಬಿಡು. ಕೆಂಪು ಬಂದರೆ ಓಟ ನಿಂತಿತು. ಕಪ್ಪು-ಬಿಳಿ ಚೌಕುಳಿ ಬೀಸಿದರೆ ಮುಗಿಯಿತು.

ಇನ್ನೊಂದು ಸಂಗತಿಯನ್ನು ಮಗನಿಗೆ ತೋರಿಸಲೇಬೇಕು. ಟೈರು ಬದಲಿಸಲು ಕಾರು ಒಳಗೆ ಬರುವ ಓಣಿಗೆ 'ಪಿಟ್' ಎನ್ನುತ್ತಾರೆ. ಮುನ್ನೂರು ಕಿ.ಮೀ. ವೇಗದ ಫಾರ್ಮುಲಾ ಒನ್ ಕಾರು ಕೂಡ ಆ ಓಣಿಯಲ್ಲಿ ಸಾಮಾನ್ಯವಾಗಿ 80 ಕಿ.ಮೀ. ಮೀರುವಂತಿಲ್ಲ. ಮೀರಿದರೆ ದಂಡ. ಯಾಕೆ? ಅಲ್ಲಿ ಮನುಷ್ಯರು ನಿಂತಿರುತ್ತಾರೆ. ಮನುಷ್ಯರಿರುವಲ್ಲಿ ವೇಗದ ಆಟವಿಲ್ಲ. ಇದು ರೇಸಿನವರೇ ಮಾಡಿಕೊಂಡ ಕಟ್ಟಳೆ.

ನಮ್ಮ ಕಡೆ ನೋಡಿ. ಪರಸಿ ಕಲ್ಲಿನ ಲಾರಿ, ಸಿಮೆಂಟಿನ ಲಾರಿ, ಶಾಲೆಯ ಮಕ್ಕಳು, ಎಮ್ಮೆ-ಆಡು ಎಲ್ಲಕ್ಕೂ ಒಂದೇ ರಸ್ತೆ. ಅದರ ಮೇಲೆ ಮೀಸೆ ಮೂಡದ ಹುಡುಗರು ಅಪ್ಪನ ಬೈಕನ್ನು ಬರಿತಲೆಯಲ್ಲಿ ಹಾರಿಸುತ್ತಾರೆ. ಬೈಕು 80ರಲ್ಲಿ ಹೋದರೆ ಒಂದು ಸೆಕೆಂಡಿಗೆ 22 ಮೀಟರು ದಾಟುತ್ತದೆ. ವೇಗ ಎರಡರಷ್ಟಾದರೆ, ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕರಷ್ಟಾಗುತ್ತದೆ. ಕರು ಅಡ್ಡ ಬಂದಾಗ ಈ ಲೆಕ್ಕ ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಕಾನೂನೂ ಈಗ ಬಿಗಿಯಾಗಿದೆ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ಮಗ ಗಾಡಿ ಓಡಿಸಿ ಅಪರಾಧವೆಸಗಿದರೆ ಪಾಲಕರಿಗೆ ಇಲ್ಲವೇ ಗಾಡಿಯ ಮಾಲಿಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗದು. "ಒಂದೇ ರೌಂಡ್, ಅವ್ವ" ಎಂದು ಕೀಲಿಕೈ ಕೇಳಿದಾಗ ಇದು ನೆನಪಿರಲಿ.

ಬೈದರೆ ಮಕ್ಕಳು ಕೇಳುವುದಿಲ್ಲ. ಕಣ್ಣಾರೆ ಕಂಡರೆ ಕೇಳುತ್ತಾರೆ. ವೇಗವನ್ನೇ ಹೊಟ್ಟೆಪಾಡು ಮಾಡಿಕೊಂಡವರು ಬೆಂಕಿ ತಡೆಯುವ ಅಂಗಿ ತೊಟ್ಟು, ಹೆಲ್ಮೆಟ್ ಬಿಗಿದು, ಪಟ್ಟಿ ಕಟ್ಟಿಕೊಳ್ಳದೆ ಒಂದಡಿಯೂ ಸರಿಯುವುದಿಲ್ಲ. 2020ರ ನವೆಂಬರ್ 29ರಂದು ಬಹರೈನ್‌ನಲ್ಲಿ ರೊಮೇನ್ ಗ್ರೋಜಾನ್ ಎಂಬಾತನ ಕಾರು ತಡೆಗೋಡೆಗೆ ಬಡಿದು ಇಬ್ಭಾಗವಾಗಿ ಹೊತ್ತಿಕೊಂಡಿತು. ಸುಮಾರು 28 ಸೆಕೆಂಡು ಬೆಂಕಿಯೊಳಗಿದ್ದವನು ಎದ್ದು ಹೊರಬಂದ. ಕೈಗಳು ಸುಟ್ಟಿದ್ದವು, ಜೀವ ಉಳಿದಿತ್ತು. ತಲೆಯ ಸುತ್ತಲಿನ ಲೋಹದ ಕಮಾನು, ಹೆಲ್ಮೆಟ್, ಅಂಗಿ ಎಲ್ಲ ಸೇರಿ ಅವನನ್ನು ಕಾದವು. ಈ ಕತೆಯನ್ನು ರೈಲಿನಲ್ಲೇ ಹೇಳಿ.

ಮಗಳಿದ್ದರೆ ಅವಳನ್ನೂ ಕರೆದೊಯ್ಯಿರಿ. ಇಟಲಿಯ ಲೆಲ್ಲಾ ಲೊಂಬಾರ್ಡಿ 1975ರ ಸ್ಪೇನ್ ಓಟದಲ್ಲಿ ಆರನೆಯವಳಾಗಿ ಅರ್ಧ ಅಂಕ ಗಳಿಸಿದಳು. ಫಾರ್ಮುಲಾ ಒನ್‌ನಲ್ಲಿ ಅಂಕ ಪಡೆದ ಹೆಣ್ಣು ಇಂದಿಗೂ ಅವಳೊಬ್ಬಳೇ. ನಮ್ಮ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬೈಕಿನ ಬಾಜಾ ವಿಶ್ವಕಪ್ಪನ್ನು ಮಹಿಳಾ ವಿಭಾಗದಲ್ಲಿ ಗೆದ್ದರು.

ಹೊರಡುವ ಮುನ್ನ ಕೆಲವು ಕಿವಿಮಾತು:

● ಪೆಟ್ರೋಲ್ ಕಾರಿನ ಸದ್ದು ಬಲು ಜೋರು. ಅರಳೆ ಸಾಲದು. ಚಿಕ್ಕ ಮಕ್ಕಳಿಗೆ ಕಿವಿ ಪೂರ್ತಿ ಮುಚ್ಚುವ ಸಾಧನ ಕೊಳ್ಳಿ. ಹಸುಗೂಸನ್ನು ಕರೆದೊಯ್ಯದಿರುವುದೇ ಲೇಸು.

● ಟೊಪ್ಪಿಗೆ, ಹತ್ತಿ ಬಟ್ಟೆ, ಒದ್ದೆ ಟವೆಲು ಇರಲಿ. ಚೆನ್ನೈ ಬಿಸಿಲಿನಲ್ಲಿ ಬೆವರು ಹೆಚ್ಚು. ನೀರಿಗೆ ಚಿಟಿಕೆ ಉಪ್ಪು, ಸಕ್ಕರೆ, ನಿಂಬೆರಸ ಬೆರೆಸಿ ಕುಡಿಸಿ.

● ರೈಲಿಗೆ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಗ್ಗರಣೆ ಚುರುಮುರಿ ಕಟ್ಟಿಕೊಳ್ಳಿ. ಮೊಸರನ್ನ ಬೇಡ, ಸೆಕೆಗೆ ಹುಳಿಯುತ್ತದೆ. ಮೈದಾನದೊಳಗೆ ಬುತ್ತಿ ಬಿಡುತ್ತಾರೋ ಇಲ್ಲವೋ ಮೊದಲೇ ವಿಚಾರಿಸಿ.

● ಒಳಗೆ ಹೋದ ಕೂಡಲೇ ಹೆಂಗಸರ ಶೌಚಾಲಯ ಎಲ್ಲಿದೆ ನೋಡಿಟ್ಟುಕೊಳ್ಳಿ. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕೆಂದು ಗುರುತು ಹೇಳಿ, ಮಗುವಿನ ಕಿಸೆಯಲ್ಲಿ ನಿಮ್ಮ ಫೋನ್ ನಂಬರಿನ ಚೀಟಿ ಇಡಿ.

ಊರಿಗೆ ಮರಳಿದ ಮೇಲೆ ಮಗ ರೇಸಿನ ಮಾತೇ ಆಡುತ್ತಿದ್ದರೆ ಗದರಬೇಡಿ. ನೀವೂ ನೋಡಿ ಬಂದವರು, ಮಾತಿಗೆ ಮಾತು ಕೊಡಬಲ್ಲಿರಿ. ಲೈಸೆನ್ಸ್ ಬರುವ ವಯಸ್ಸಾದಾಗ ಬೈಕಿಗಿಂತ ಮೊದಲು ಒಳ್ಳೆಯ ಹೆಲ್ಮೆಟ್ ಕೊಡಿಸಿ. ಅದರ ಪಟ್ಟಿ ಬಿಗಿಯದೆ ಹೊಸ್ತಿಲು ದಾಟಬಾರದೆಂಬ ಕಟ್ಟಳೆ ಮನೆಯ ಯಜಮಾನರಿಗೂ ಅನ್ವಯಿಸಲಿ!