ಹಳೆಯ ಫ್ಲಾಪಿಗಳಲ್ಲಿರುವ ಕನ್ನಡ ಕಡತಗಳನ್ನು ಹೊಸ ಗಣಕಯಂತ್ರಕ್ಕೆ ತರುವ ಬಗ್ಗೆ ಮಾಹಿತಿ

1990ರ ದಶಕದಲ್ಲಿ ಹಾಗೂ 2000ರ ದಶಕದ ಮೊದಲ ವರ್ಷಗಳಲ್ಲಿ ಗಣಕಯಂತ್ರದಲ್ಲಿ ಸಿದ್ಧಪಡಿಸಿದ ಕಡತಗಳನ್ನು ಸಾಮಾನ್ಯವಾಗಿ ಫ್ಲಾಪಿಗಳಲ್ಲಿ ಉಳಿಸಲಾಗುತ್ತಿತ್ತು. ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಮುದ್ರಣಾಲಯ, ನೇಕಾರರ ಸಹಕಾರ ಸಂಘ, ಶಾಲೆ ಅಥವಾ ಮನೆಗಳ ಕಪಾಟಿನಲ್ಲಿ ಇಂತಹ ಫ್ಲಾಪಿ ದೊರೆತಲ್ಲಿ ಅದನ್ನು ನಿರುಪಯುಕ್ತವೆಂದು ಎಸೆಯಬಾರದು. ಬೀಳಗಿ ತಾಲ್ಲೂಕಿನ ಹಲವು ಗ್ರಾಮಗಳು ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಮುಳುಗಡೆಯಾಗಿವೆ. ಅಂತಹ ಗ್ರಾಮವೊಂದರ ದೇವಸ್ಥಾನದ ವಿವರವೋ ಮನೆತನಗಳ ಪಟ್ಟಿಯೋ ಫ್ಲಾಪಿಯಲ್ಲಿದ್ದರೆ, ಸ್ಥಳಕ್ಕೆ ಹೋಗಿ ಅದನ್ನು ಪುನಃ ಬರೆದುಕೊಳ್ಳಲು ಸಾಧ್ಯವಿಲ್ಲ. ಪಹಣಿಗಾಗಿ ಮಾತ್ರ ಫ್ಲಾಪಿ ಹುಡುಕುವ ಅಗತ್ಯವಿಲ್ಲ. ಅದು ‘ಭೂಮಿ’ ವ್ಯವಸ್ಥೆಯಲ್ಲಿ ಲಭ್ಯವಿದೆ.

ಬಾಗಲಕೋಟೆ ಜಿಲ್ಲೆಯು 1997ರಲ್ಲಿ ಅಸ್ತಿತ್ವಕ್ಕೆ ಬಂದುದರಿಂದ ಅದಕ್ಕೂ ಹಿಂದಿನ ಫ್ಲಾಪಿಗಳ ಚೀಟಿಯ ಮೇಲೆ ಬಿಜಾಪುರ ಜಿಲ್ಲೆ ಎಂದೇ ಇರುತ್ತದೆ. ರಬಕವಿ-ಬನಹಟ್ಟಿಯ ಹಳೆಯ ಕಡತಗಳನ್ನು ಜಮಖಂಡಿ ತಾಲ್ಲೂಕಿನ ಹೆಸರಿನಲ್ಲಿ ಹುಡುಕುವುದು ಸೂಕ್ತ.

ಫ್ಲಾಪಿಯೊಳಗೆ ಕಾಂತೀಯ ಲೇಪನವುಳ್ಳ ತೆಳುವಾದ ತಟ್ಟೆ ಇರುತ್ತದೆ. 3.5 ಅಂಗುಲದ 1.44 ಎಂಬಿ ಫ್ಲಾಪಿಯ ಎರಡು ಬದಿಗಳಲ್ಲಿ ತಲಾ 80 ಪಥಗಳು, ಪ್ರತಿ ಪಥದಲ್ಲಿ 18 ವಿಭಾಗಗಳು, ಹೀಗೆ ಒಟ್ಟು 2880 ವಿಭಾಗಗಳಿವೆ. ಕೆಲವೇ ವಿಭಾಗಗಳು ಕೆಟ್ಟಿದ್ದರೂ ಗಣಕಯಂತ್ರವು ಇಡೀ ಫ್ಲಾಪಿಯನ್ನು ತಿರಸ್ಕರಿಸುವುದುಂಟು. ಆಗ “ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆ?” ಎಂಬ ಪ್ರಶ್ನೆ ಪರದೆಯ ಮೇಲೆ ಬರುತ್ತದೆ. ಇದಕ್ಕೆ ಯಾವ ಕಾರಣಕ್ಕೂ ‘ಹೌದು’ ಎಂದು ಉತ್ತರಿಸಬಾರದು. ಧೂಳು ಮತ್ತು ಶಿಲೀಂಧ್ರ ಅಳಿಸದ ಬರಹವನ್ನು ಈ ಒಂದು ಉತ್ತರ ಅಳಿಸಿಬಿಡಬಹುದು. ಮೊದಲೇ ಫ್ಲಾಪಿಯ ಮೂಲೆಯಲ್ಲಿರುವ ಗುಂಡಿಯನ್ನು ಸರಿಸಿ ಕಿಂಡಿ ತೆರೆದಿಟ್ಟರೆ ಅದರ ಮೇಲೆ ಹೊಸದಾಗಿ ಬರೆಯಲಾಗುವುದಿಲ್ಲ.

ಹೊಸ ಗಣಕಯಂತ್ರಗಳಿಗೆ ಯುಎಸ್‌ಬಿ ಮೂಲಕ ಜೋಡಿಸುವ ಫ್ಲಾಪಿ ಡ್ರೈವ್ ಬಳಸಬಹುದು. ಕಡತಗಳನ್ನು ಒಂದೊಂದಾಗಿ ತೆರೆಯುವ ಬದಲು, ಜಿಎನ್‌ಯು ಡಿಡಿರೆಸ್ಕ್ಯೂನಂತಹ ಉಚಿತ ತಂತ್ರಾಂಶದಿಂದ ಇಡೀ ಫ್ಲಾಪಿಯ ಪ್ರತಿಬಿಂಬ ತೆಗೆಯತಕ್ಕದ್ದು. ಅದು ಓದಲಾಗುವ ವಿಭಾಗಗಳನ್ನು ಮೊದಲು ಪಡೆದು, ಉಳಿದವುಗಳನ್ನು ನಂತರ ಪುನಃ ಪ್ರಯತ್ನಿಸುತ್ತದೆ. ಒಂದು ಡ್ರೈವ್ ಓದದ ಫ್ಲಾಪಿಯನ್ನು ಮತ್ತೊಂದು ಓದಬಹುದು. ಬರೆದ ಹಳೆಯ ಯಂತ್ರವೇ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ತುಸು ವಾಲಿದ ತಲೆಯಿಂದ ಬರೆದದ್ದನ್ನು ಅದೇ ತಲೆ ಸುಲಭವಾಗಿ ಓದುತ್ತದೆ. ಬೂಷ್ಟು ಹಿಡಿದ ಫ್ಲಾಪಿಯನ್ನು ಸ್ವಚ್ಛಗೊಳಿಸದೆ ಹಾಕಬಾರದು. ಅದರ ಕೊಳೆ ಡ್ರೈವಿನ ತಲೆಗೆ ಅಂಟಿ ಮುಂದಿನ ಫ್ಲಾಪಿಯನ್ನು ಗೀಚುತ್ತದೆ. 5.25 ಅಂಗುಲದ ಫ್ಲಾಪಿಗಳಿಗೆ ಯುಎಸ್‌ಬಿ ಡ್ರೈವ್ ಆಗುವುದಿಲ್ಲ; ಅವುಗಳಿಗೆ ಹಳೆಯ ಡ್ರೈವ್ ಹಾಗೂ ಗ್ರೀಸ್‌ವೀಝಲ್‌ನಂತಹ ವಿಶೇಷ ಸಾಧನ ಬೇಕು.

ಕಡತ ದೊರೆತ ಮೇಲೂ ಕನ್ನಡಿಗರಿಗೆ ಇನ್ನೊಂದು ಅಡಚಣೆ ಉಳಿದಿರುತ್ತದೆ. ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣಿಸಬಹುದು. ಕಡತ ಹಾಳಾಗಿದೆ ಎಂದು ಅನೇಕರು ಇಲ್ಲಿಯೇ ಕೈಬಿಡುತ್ತಾರೆ. ವಾಸ್ತವವಾಗಿ, ಯುನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ, ಶ್ರೀಲಿಪಿ, ಆಕೃತಿ ಮೊದಲಾದ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡ ಅಕ್ಷರಭಾಗಗಳನ್ನು ಹೊಂದಿಸಿದ್ದವು, ಅದೂ ಎಲ್ಲವೂ ಒಂದೇ ರೀತಿಯಲ್ಲಿ ಅಲ್ಲ. ಆದುದರಿಂದ ಕಡತದಲ್ಲಿ ನಮೂದಾಗಿರುವ ಫಾಂಟಿನ ಹೆಸರನ್ನು ಮೊದಲು ಗುರುತಿಸಿ, ಆ ಫಾಂಟಿಗೆ ತಕ್ಕ ಪರಿವರ್ತಕದಿಂದಲೇ ಯುನಿಕೋಡ್‌ಗೆ ಬದಲಿಸಬೇಕು.

ಪರಿವರ್ತನೆಯಾದ ಪಠ್ಯದಲ್ಲಿ ಅರ್ಕಾವತ್ತುಗಳನ್ನು ಪರಿಶೀಲಿಸುವುದು ಅಗತ್ಯ. ‘ಕರ್ನಾಟಕ’ ಎಂಬ ಪದದ ರಕಾರವನ್ನು ನುಡಿಯಂತಹ ಫಾಂಟುಗಳು ಕಣ್ಣಿಗೆ ಕಾಣುವಂತೆ ನಕಾರದ ನಂತರ ಇರಿಸುತ್ತವೆ. ಯುನಿಕೋಡ್ ಉಚ್ಚಾರಣೆಯಂತೆ ಮೊದಲು ಇರಿಸುತ್ತದೆ. ವ್ಯಕ್ತಿಗಳ ಹಾಗೂ ಗ್ರಾಮಗಳ ಹೆಸರುಗಳನ್ನು, ಸಾಧ್ಯವಿದ್ದಲ್ಲಿ, ಅದೇ ಕಾಲದ ಮುದ್ರಿತ ಪ್ರತಿಯೊಂದಿಗೆ ಹೋಲಿಸತಕ್ಕದ್ದು. ಪರಿವರ್ತಿಸದ ಮೂಲ ಕಡತವನ್ನೂ ಫ್ಲಾಪಿಯ ಪ್ರತಿಬಿಂಬವನ್ನೂ ಹೊಸ ಕಡತದ ಜೊತೆಯಲ್ಲಿಯೇ ಎರಡು ಬೇರೆ ಬೇರೆ ಕಡೆ ಉಳಿಸಿಡುವುದು.