ಹೆಜ್ಜಾರ್ಲೆಯ ತವರು ಮತ್ತು ಸ್ವಯಂಸೇವೆಯ ಪಾಠ

ನಿಸರ್ಗ ಸಂರಕ್ಷಣೆಯೆಂದೊಡನೆ ಅಭಯಾರಣ್ಯ, ಬೇಲಿ, ಕಾವಲುಗಾರರು ನೆನಪಾಗುವುದು ಸಹಜ. ಆದರೆ ಬೇಲಿಯಿಲ್ಲದೆ, ಜನವಸತಿಯ ನಡುವೆಯೇ ಪಕ್ಷಿಸಂಕುಲವೊಂದು ಉಳಿದು ಬಂದಿರುವುದಕ್ಕೆ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ನಿದರ್ಶನವಾಗಿದೆ.

ಶಿಂಷಾ ನದಿಗೆ ಸಮೀಪದ ಈ ಗ್ರಾಮಕ್ಕೆ ಪ್ರತಿವರ್ಷ ಚಳಿಗಾಲದ ಹೊತ್ತಿಗೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬರುತ್ತವೆ. ಮನೆಗಳಿಗೆ ಹೊಂದಿಕೊಂಡ ಹುಣಸೆ, ಆಲ, ಅರಳಿ ಮರಗಳಲ್ಲಿ ಗೂಡು ಕಟ್ಟಿ, ಮರಿ ಮಾಡಿ, ಮುಂಗಾರಿನ ವೇಳೆಗೆ ನಿರ್ಗಮಿಸುತ್ತವೆ. ಹೆರಿಗೆಗೆಂದು ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಗ್ರಾಮಸ್ಥರು ಇವುಗಳನ್ನು ಭಾವಿಸುತ್ತಾರೆ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು 1976ರಲ್ಲಿ ಈ ನೆಲೆಯನ್ನು ಗುರುತಿಸಿ ಹೊರಜಗತ್ತಿಗೆ ಪರಿಚಯಿಸಿದರು.

ಈ ವಾತ್ಸಲ್ಯವು ತ್ಯಾಗವಿಲ್ಲದೆ ನಡೆದುದಲ್ಲ. ಹಕ್ಕಿಗಳು ಗೂಡಿನಲ್ಲಿರುವ ಕಾಲವೇ ಹುಣಸೆಯ ಫಸಲಿನ ಕಾಲ. ಕಾಯಿ ಉದುರಿಸಿದರೆ ಮರಿಗಳಿಗೆ ಅಪಾಯ. ಬಿಟ್ಟರೆ ಮನೆಯ ಆದಾಯಕ್ಕೆ ಕೊರತೆ. ಹಿಕ್ಕೆಯು ಹೊಲಕ್ಕೆ ಉತ್ತಮ ಗೊಬ್ಬರವಾದರೂ ಅಂಗಳದ ದುರ್ಗಂಧವನ್ನು ಸಹಿಸಬೇಕಾದವರು ಮನೆಯವರೇ. ಸರ್ಕಾರವು ಮರದ ಒಡೆಯರಿಗೆ ಪರಿಹಾರಧನದ ವ್ಯವಸ್ಥೆ ಮಾಡಿತು. ಆದರೆ ಮನೆಯ ಕಷ್ಟಕಾಲದಲ್ಲಿ ಮಾರಾಟಕ್ಕೆ ಒಳಗಾಗುವ ಮರವನ್ನು ಹಣವೊಂದೇ ಉಳಿಸಲಾರದು. ಒಡೆಯನ ಜೊತೆಗೆ ನಿಲ್ಲುವವರೂ ಬೇಕು.

ಈ ಕೊರತೆಯನ್ನು ತುಂಬಿದವರು ಸ್ವಯಂಸೇವಕರು. 1990ರ ದಶಕದಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಎಂಬ ಹವ್ಯಾಸಿ ನಿಸರ್ಗಾಸಕ್ತರ ಸಂಸ್ಥೆಯು ಗ್ರಾಮದ ಯುವಕರೊಡನೆ ಕೂಡಿ ಕಾರ್ಯಪ್ರವೃತ್ತವಾಯಿತು. 'ಹೆಜ್ಜಾರ್ಲೆ ಬಳಗ' ರೂಪುಗೊಂಡಿತು. ಗಾಳಿಗೆ ಗೂಡಿನಿಂದ ಬಿದ್ದ ಮರಿಗೆ ತಾಯಿಹಕ್ಕಿಯು ನೆಲಕ್ಕಿಳಿದು ಉಣಿಸುವುದಿಲ್ಲ. ಅಂತಹ ಮರಿಗಳನ್ನು ಎತ್ತಿ ತಂದು, ಆವರಣದಲ್ಲಿರಿಸಿ, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡುವುದು ಬಳಗದ ಮುಖ್ಯ ಕಾಯಕವಾಯಿತು. ಗೂಡುಗಳ ಎಣಿಕೆ, ಸಸಿ ನೆಡುವಿಕೆ, ಜನರಿಗೆ ತಿಳಿವಳಿಕೆ ನೀಡುವಿಕೆಗಳೂ ಇದರೊಂದಿಗೆ ಸೇರಿದವು. 2007ರಲ್ಲಿ ಸರ್ಕಾರವು ಈ ಪ್ರದೇಶವನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ಆದರೂ ಎಚ್ಚರ ತಪ್ಪುವಂತಿಲ್ಲ. 2017-18ರಲ್ಲಿ ಇಲ್ಲಿ ಅನೇಕ ಹೆಜ್ಜಾರ್ಲೆಗಳು ಸತ್ತಾಗ, ಅವುಗಳ ದೇಹದಲ್ಲಿ ದುಂಡುಹುಳುಗಳು ಕಂಡುಬಂದವು. ಇಂತಹ ಹುಳುಗಳು ಮೀನಿನ ಮೂಲಕ ಹಕ್ಕಿಯ ಹೊಟ್ಟೆಯನ್ನು ಸೇರುತ್ತವೆ. ಗೂಡಿನ ಮರ ಊರಿನದಾದರೂ ಉಣ್ಣುವ ಕೆರೆ ದೂರದ್ದು. ಕೆರೆಯ ನೀರು ಕೆಟ್ಟರೆ ಮರ ಕಾದುದೂ ವ್ಯರ್ಥವಾದೀತು. ಪ್ರತಿದಿನ ಮರದಡಿ ನಡೆದಾಡುವವರಿದ್ದರೆ ಮಾತ್ರ ಇಂತಹ ವಿಪತ್ತು ಬೇಗನೆ ಗೋಚರವಾಗುತ್ತದೆ.

ವಿದ್ಯಾಸಂಸ್ಥೆಗಳಿಗೆ ಇದರಲ್ಲಿ ಸ್ಪಷ್ಟವಾದ ಪಾಠವಿದೆ. ನಿಸರ್ಗಶಿಕ್ಷಣಕ್ಕೆ ದುಬಾರಿ ಉಪಕರಣಗಳು ಅನಿವಾರ್ಯವಲ್ಲ. ಶಾಲೆಯ ಆವರಣದ ಒಂದು ಮರ, ಊರಿನ ಒಂದು ಕೆರೆ, ಒಂದು ದಿನಚರಿ ಪುಸ್ತಕ ಸಾಕು. ಹಕ್ಕಿ ಬಂದ ದಿನ, ಕಟ್ಟಿದ ಗೂಡುಗಳ ಸಂಖ್ಯೆ, ಮರ ಹೂಬಿಟ್ಟ ವಾರ, ಕೆರೆಯ ನೀರಿನ ಮಟ್ಟ ಇವುಗಳನ್ನು ವಿದ್ಯಾರ್ಥಿಗಳು ಬರೆದಿಡಬಹುದು. ಒಂದು ತಂಡ ಶಾಲೆ ಬಿಟ್ಟಾಗ ಮುಂದಿನ ತಂಡಕ್ಕೆ ಆ ಪುಸ್ತಕವನ್ನು ಒಪ್ಪಿಸಿದರೆ ಹತ್ತು ವರ್ಷಗಳಲ್ಲಿ ಅದು ಊರಿನ ಅಮೂಲ್ಯ ದಾಖಲೆಯಾಗುತ್ತದೆ. ಹಳೆಯ ವಿದ್ಯಾರ್ಥಿಗಳು ರಜಾದಿನದ ಬೆಳಗನ್ನೂ, ದಾನಿಗಳು ಸಸಿಗಳನ್ನೂ ಒಂದೆರಡು ದುರ್ಬೀನುಗಳನ್ನೂ ನೀಡಬಹುದು. ದಾಸೋಹವೆಂಬುದು ಅನ್ನಕ್ಕೆ ಮಾತ್ರ ಸೀಮಿತವಲ್ಲ. ಮನೆಯಂಗಳದ ಮರವನ್ನು ಹಕ್ಕಿಗಾಗಿ ಬಿಟ್ಟುಕೊಟ್ಟ ಬೆಳ್ಳೂರಿನ ರೈತನು ಅದರ ವ್ಯಾಪ್ತಿಯನ್ನು ತೋರಿಸಿದ್ದಾನೆ.